ಬೇಲಿಯಾಚೆಯ ಕಿವಿ

ಆ ವಾರ ಪಕ್ಕದ ಮನೆಯ ಎನೋಸ್ ಬೇಲಿಯ ಹತ್ತಿರ ಬಂದು ನಿಂತದ್ದು ಅದು ಮೂರನೇ ಸಲ. ಏನಾದರೂ ಕೆಲಸವಿದ್ದು ನಿಂತಿದ್ದರೆ ಲೊವೀನಾ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೈಯಲ್ಲಿ ಸುತ್ತಿಗೆಯಿಲ್ಲ, ಮೊಳೆಯಿಲ್ಲ, ಬೇಲಿಯ ಒಂದು ಹಲಗೆಯೂ ಸಡಿಲವಾಗಿರಲಿಲ್ಲ. ಹುಲ್ಲಿನ ಟೋಪಿಯನ್ನು ಹಿಂದಕ್ಕೆ ಸರಿಸಿ, ತಲೆ ವಾರೆ ಮಾಡಿ, ಎಡಗಿವಿಯನ್ನು ಅವಳ ಮನೆಯ ಕಡೆ ಕೊಟ್ಟು ನಿಂತಿದ್ದ. ಲೊವೀನಾ ಮೇಜಿನಡಿಯ ಗುಂಡಿ ಒತ್ತಿದಳು. ಗುಯ್ ಎನ್ನುತ್ತಿದ್ದ ಮೋಟಾರು ಸಣ್ಣಗಾಗಿ ನಿಂತಿತು. ಅವನು ಇನ್ನೊಂದು ನಿಮಿಷ ನಿಂತಿದ್ದು, ಏನೋ ತಲೆಯಾಡಿಸಿಕೊಂಡು ತನ್ನ ಕೊಟ್ಟಿಗೆಯ ಕಡೆ ಹೊರಟುಹೋದ.

"ಕೇಳಿಸ್ಕೊಂಡ," ಎಂದಳು ಲೊವೀನಾ, ಕೋಣೆಯಲ್ಲಿ ಯಾರೂ ಇರದಿದ್ದರೂ. "ಕೇಳಿಸ್ಕೊಂಡೇಬಿಟ್ಟ ಪುಣ್ಯಾತ್ಮ." ಎದ್ದು ಹೋಗಿ ಕಿಟಕಿ ಮುಚ್ಚಿದಳು.

ಮೋಟಾರು ಎಂದರೆ ಮುಷ್ಟಿಯಷ್ಟು ಗಾತ್ರದ್ದು. ಅದಕ್ಕೊಂದು ಬ್ಯಾಟರಿ. ಎರಡೂ ಹೊಲಿಗೆ ಯಂತ್ರದ ಕೆಳಗೆ, ಇಳಿಬಿಟ್ಟ ನೀಲಿ ಬಟ್ಟೆಯ ಮರೆಯಲ್ಲಿದ್ದವು. ಇಷ್ಟಕ್ಕೇ ಈ ಹೆಂಗಸು ಹೀಗೆ ಬೆವರುವುದೇ ಎಂದು ನಗುವವರು ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ ಒಂದು ವರ್ಷ ಬಾಳಿ ನೋಡಲಿ. ಹಳೆಯ ಕಾಲದ ಬದುಕನ್ನೇ ಹಿಡಿದಿರುವ ಕ್ರೈಸ್ತರು ನಾವು, ನಮ್ಮ ಆಮಿಶ್ ಸಭೆಯಲ್ಲಿ ದೀಪಕ್ಕೆ ಬ್ಯಾಟರಿ ಆಗುತ್ತದೆ, ಗಾಡಿಯ ಹಿಂದಿನ ಕೆಂಪು ಲೈಟಿಗೆ ಆಗುತ್ತದೆ, ಹೊಲಿಗೆ ಯಂತ್ರಕ್ಕೆ ಆಗುವುದಿಲ್ಲ. ಅದನ್ನು ಕಾಲಿನಿಂದಲೇ ತುಳಿಯಬೇಕು. ಯಾಕೆ ಎಂದರೆ, ಎಲ್ಲರೂ ಕೂತು ಹಾಗೆಂದು ಒಪ್ಪಿದ್ದೇವೆ, ಒಪ್ಪಿದವರಲ್ಲಿ ನೀನೂ ಒಬ್ಬಳು, ಅಷ್ಟೇ.

ಲೊವೀನಾಳೂ ಮೂವತ್ತು ವರ್ಷ ತುಳಿದವಳೇ. ಗಂಡ ಲೀವೈ ತೀರಿಕೊಂಡ ಮೇಲಿನ ಈ ನಾಲ್ಕು ವರ್ಷದಲ್ಲಿ ಇನ್ನೂ ಹೆಚ್ಚು ತುಳಿದಳು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ದೂರ ಹೋಗಿದ್ದರು. ಕಣಿವೆಯ ಹೆಂಗಸರು ತಲೆಗೆ ಕಟ್ಟುವ ಬಿಳಿ ಕುಲಾವಿಗಳನ್ನು ಹೊಲಿದೇ ಅವಳ ಬದುಕು ನಡೆಯಬೇಕಿತ್ತು. ಹೋದ ಜನವರಿಯಲ್ಲಿ ಹುಲ್ಲಟ್ಟದ ಏಣಿಯಿಂದ ಜಾರಿ ಬಿದ್ದು ಬಲ ಮಂಡಿ ಕೆಟ್ಟಿತು. ಹತ್ತು ಸಲ ತುಳಿದರೆ ಕಣ್ಣಲ್ಲಿ ನೀರು. ಕಾರಿನಲ್ಲಿ ಬಟ್ಟೆ ತಂದುಕೊಡುವ ಇಂಗ್ಲಿಷ್ ಹೆಂಗಸು (ಸಭೆಯ ಹೊರಗಿನವರೆಲ್ಲ ನಮಗೆ ಇಂಗ್ಲಿಷರೇ) ನೋಡಲಾರದೆ ಆ ಮೋಟಾರು ತಂದಿಟ್ಟಳು. ಒಂದೇ ಒಂದು ವಾರ ಎಂದುಕೊಂಡದ್ದು ಈಗ ಸೆಪ್ಟೆಂಬರಿಗೆ ಬಂದಿತ್ತು.

ಅಕ್ಟೋಬರಿನಲ್ಲಿ ವಿಚಾರಣೆಯ ಭಾನುವಾರ. ರೊಟ್ಟಿ, ದ್ರಾಕ್ಷಾರಸದ ಪ್ರಸಾದ ತೆಗೆದುಕೊಳ್ಳುವ ಮೊದಲು ಪ್ರತಿಯೊಬ್ಬರೂ ಸಭೆಯಲ್ಲಿ, 'ನಿಯಮಕ್ಕೆ ಒಪ್ಪಿ ನಡೆದಿದ್ದೇನೆ, ಯಾರ ಮೇಲೂ ಮನಸ್ತಾಪವಿಲ್ಲ' ಎಂದು ಬಾಯಿಬಿಟ್ಟು ಹೇಳಬೇಕಾದ ದಿನ. ಏಪ್ರಿಲಿನಲ್ಲಿ ಒಮ್ಮೆ ಹೀಗೆ ಸುಳ್ಳು ಹೇಳಿ ಬಂದಿದ್ದಳು, ಅವತ್ತು ಮಧ್ಯಾಹ್ನ ತುತ್ತು ಇಳಿದಿರಲಿಲ್ಲ. ಮತ್ತೆ ಸುಳ್ಳು ಹೇಳಿ, ಎನೋಸ್ ಎದ್ದು ನಿಂತು ಹೊರಗೆಳೆದರೆ ಬಹಿಷ್ಕಾರವೇ ಬೀಳಬಹುದು. ಬಹಿಷ್ಕಾರ ಬಿದ್ದವಳ ಜೊತೆ ಒಂದೇ ಮೇಜಿನಲ್ಲಿ ಸ್ವಂತ ಮಗಳೂ ಉಣ್ಣುವಂತಿಲ್ಲ. ಅವಳು ಹೊಲಿದ ಕುಲಾವಿಯನ್ನು ಯಾರು ತಲೆಗೆ ಕಟ್ಟಿಯಾರು?

ಎನೋಸ್ ಯಾಕೆ ಹೊರಗೆಳೆಯುತ್ತಾನೆ ಎಂದು ಕೇಳಬಹುದು. ಅವನು ಗಾಡಿಗೆ ಚಕ್ರ ಮಾಡುವವನು, ಮಕ್ಕಳಿಲ್ಲ, ಹೆಂಡತಿ ಸತ್ತು ಎರಡು ವರ್ಷ. ನಿಯಮ ಎಂದರೆ ನಿಯಮ ಎನ್ನುವ ಜಾತಿ. ತನ್ನ ಟೋಪಿಯ ಅಂಚು ಅರ್ಧ ಅಂಗುಲ ಅಗಲ ಕಡಿಮೆಯಾಗಿದೆ ಎಂದು ತಾನೇ ಬಿಷಪ್ಪನ ಮನೆಗೆ ಹೋಗಿ ಹೇಳಿ ಬಂದ ಗಿರಾಕಿ! ಅಂಥವನು ಪಕ್ಕದ ಮನೆಯ ಮೋಟಾರನ್ನು ಬಿಡುತ್ತಾನೆಯೇ?

ಒಂದೊಂದಾಗಿ ಎಲ್ಲವನ್ನೂ ನೆನೆದಷ್ಟೂ ಲೊವೀನಾಳ ಅನುಮಾನ ಗಟ್ಟಿಯಾಯಿತು. ಆಗಸ್ಟಿನಲ್ಲಿ ಕರೆಯದೆಯೇ ಬಂದು ಅಂಗಳದ ಪಂಪು ರಿಪೇರಿ ಮಾಡಿದ್ದ. ಮಾಡಿದವನು ಕೈ ತೊಳೆದು ಹೋಗಬೇಕೋ ಬೇಡವೋ? ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು, "ನಿನ್ನ ಮಂಡಿ ಹೇಗಿದೆ ಲೊವೀನಾ?" ಎಂದಿದ್ದ. ಕೇಳಿದ್ದು ಮಂಡಿಯನ್ನು, ನೋಡಿದ್ದು ನೀಲಿ ಬಟ್ಟೆಯನ್ನು. ಹೋದ ಸೋಮವಾರವಂತೂ ಒಂದು ಬುಟ್ಟಿ ಟೊಮೇಟೊ ತಂದಿಟ್ಟು, "ನಿನ್ನ ಮಶಿನ್ನಿನ ಮೇಜು ಎಷ್ಟು ಅಗಲ ಇದೆ?" ಎಂದು ಕೇಳಿದ.

"ಯಾಕಪ್ಪಾ, ನಿಂಗೂ ಕುಲಾವಿ ಹೊಲಿಯೋ ಯೋಚನೆ ಇದೆಯಾ?" ಎಂದು ಅವಳು ನಗಲು ನೋಡಿದಳು.

ಎನೋಸ್ ನಗಲಿಲ್ಲ. "ಸುಮ್ನೆ ಕೇಳ್ದೆ," ಎಂದು ಗೇಣಿನಿಂದ ಮೇಜನ್ನು ಅಳೆದೇಬಿಟ್ಟ. ಕಿವಿಯವರೆಗೂ ಕೆಂಪಾಗಿದ್ದ. ಮನಸ್ಸಿನಲ್ಲಿ ಕಳ್ಳತನವಿಲ್ಲದ ಗಂಡಸು ಟೊಮೇಟೊ ಕೊಡಲು ಬಂದು ಮೇಜು ಅಳೆದು ಕೆಂಪಾಗುತ್ತಾನೆಯೇ?

ಅವಳಿಗೆ ಹೊಟ್ಟೆಯುರಿದದ್ದು ಇದಕ್ಕಿಂತ ಬೇರೆ ಕಾರಣಕ್ಕೆ. ಅವನೆಂದರೆ ಅವಳಿಗೆ ಇಷ್ಟವಿತ್ತು. ಅವನ ಹೆಂಡತಿಯ ಕೊನೆಯ ಕುಲಾವಿಯನ್ನು, ಪೆಟ್ಟಿಗೆಯಲ್ಲಿ ಮಲಗಿಸುವಾಗ ಕಟ್ಟುವುದನ್ನು, ಇವಳೇ ಹೊಲಿದುಕೊಟ್ಟಿದ್ದಳು. ಆಮೇಲೆ ಶನಿವಾರ ಶನಿವಾರ ಒಣ ಸೇಬಿನ ಪೈ ಒಂದನ್ನು ಅವನ ಜಗಲಿಯ ಮೇಲಿಟ್ಟು ಬರುವುದು ರೂಢಿಯಾಗಿತ್ತು. ತೊಳೆದ ತಟ್ಟೆ ಸೋಮವಾರ ಬೆಳಿಗ್ಗೆ ಬೇಲಿಯ ಕಂಬದ ಮೇಲೆ ಇರುತ್ತಿತ್ತು. ಶನಿವಾರ ಬರುವುದನ್ನು ತಾನು ಕಾಯುತ್ತೇನೆ ಎಂದು ಅವಳಿಗೆ ಗೊತ್ತಾಗಿ ನಾಚಿಕೆಯೂ ಆಗಿತ್ತು. ಈಗ ನೋಡಿದರೆ ತನ್ನ ಪೈ ತಿಂದವನೇ ತನ್ನ ಮೇಲೆ ಕಿವಿಯಿಟ್ಟು ಕೂತಿದ್ದ.

ಗುರುವಾರ ಲೀವೈನ ತಂಗಿ ಎಫಿ ಬಂದಳು. ಅವಳ ಕಾಲಿಗಿಂತ ಮೊದಲು ಬಾಯಿ ಒಳಗೆ ಬರುತ್ತದೆ.

"ಏ ಲೊವೀನಾ, ಸುದ್ದಿ ಗೊತ್ತಾ? ಡೀಕನ್ ಟೋಬಿಯಾಸನ ಗಾಡಿ ಮಂಗಳವಾರ ಎನೋಸನ ಅಂಗಳದಲ್ಲಿತ್ತು. ಇವತ್ತು ಬೆಳಿಗ್ಗೆ ಮತ್ತೆ! ಕುದುರೆ ಬಿಚ್ಚಿ ಕಟ್ಟಿದಾನೆ ಅಂದ್ರೆ ಲೆಕ್ಕ ಹಾಕು, ಎಷ್ಟ್ ಹೊತ್ತು ಮಾತಾಡಿರಬೇಕು."

ಲೊವೀನಾಳ ಕೈಯಿಂದ ಕತ್ತರಿ ಜಾರಿತು. "ಏನು ವಿಷಯವಂತೆ?"

"ನಂಗೇನು ಗೊತ್ತು? ಡೀಕನ್ ಸುಮ್ಸುಮ್ನೆ ಯಾರ ಮನೆಗಾದ್ರೂ ಹೋಗ್ತಾನಾ? ಯಾರಾದ್ರೂ ತಪ್ಪು ಮಾಡಿದ್ರೆ ವಿಚಾರಿಸೋಕೆ ಹೋಗ್ಬೇಕು, ಇಲ್ಲಾ ಯಾರಿಗಾದ್ರೂ ಮದುವೆ ಮಾತು ಒಯ್ಯೋಕೆ ಹೋಗ್ಬೇಕು. ಐವತ್ತೈದರ ಎನೋಸನಿಗೆ ಯಾವ ಮದುವೆ ಮಾತೇ?" ಎಂದು ಎಫಿ ತೊಡೆ ತಟ್ಟಿ ನಕ್ಕಳು. "ಆ ಮುಖಕ್ಕೆ ಯಾರು ಕೂತಿದಾಳೆ! ಅಂದ್ಮೇಲೆ ದೂರೇ. ಅವನಂತೂ ತಪ್ಪು ಮಾಡೋ ಗಂಡಸಲ್ಲ. ಯಾರ ಮೇಲೋ ದೂರು ಕೊಟ್ಟಿದಾನೆ, ನೋಡ್ತಾ ಇರು."

ಲೊವೀನಾಳೂ ನಕ್ಕಳು. ನಗುತ್ತಲೇ ಬಗ್ಗಿ ಕತ್ತರಿ ಎತ್ತಿಕೊಂಡು, ನೀಲಿ ಬಟ್ಟೆಯನ್ನು ಇನ್ನಷ್ಟು ಕೆಳಗೆಳೆದಳು.

ಎಫಿ ಹೋದ ಮೇಲೆ ಯೋಚನೆಗೆ ಕೂತಳು. ದೂರು ಬಂದ ಮೇಲೆ ಒಪ್ಪಿಕೊಳ್ಳುವುದು ಒಂದು, ದೂರು ಬರುವ ಮೊದಲೇ ತಾನಾಗಿ ಒಪ್ಪಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಸಭೆ ಕರಗುತ್ತದೆ. ಅದಕ್ಕಿಂತ ದೊಡ್ಡ ಮಾತು, ಎನೋಸನಿಗೆ ಆ ಗೆಲುವು ಸಿಗಬಾರದು. ಡೀಕನ್ ತನ್ನ ಅಂಗಳಕ್ಕೆ ಬಂದ ದಿನ ಅವನು ಬಾಯಿ ತೆರೆಯುವ ಮೊದಲೇ ತಾನು ಹೇಳಿಬಿಡಬೇಕು. ಹಾಗೆಂದು ಗಟ್ಟಿ ಮಾಡಿಕೊಂಡಳು. ಆ ಶನಿವಾರ ಪೈ ಮಾಡುವುದಿಲ್ಲ ಎಂದೂ ಗಟ್ಟಿ ಮಾಡಿಕೊಂಡಳು.

ಶನಿವಾರ ಹತ್ತು ಗಂಟೆಗೆ ಡೀಕನ್ನನ ಗಾಡಿ ಅವಳ ದಾರಿಗೆ ತಿರುಗಿತು.

ಟೋಬಿಯಾಸ್ ಎಪ್ಪತ್ತರ ಮುದುಕ, ಒಳ್ಳೆಯವನು, ಮಾತಿಗೆ ಮೊದಲು ಗಡ್ಡ ಕೆರೆದುಕೊಳ್ಳುವ ಅಭ್ಯಾಸ. ಹೊಲಿಗೆ ಕೋಣೆಯ ಕುರ್ಚಿಯಲ್ಲಿ ಕೂತು ಟೋಪಿಯನ್ನು ಮಂಡಿಯ ಮೇಲೆ ತಿರುಗಿಸತೊಡಗಿದ.

"ಈ ಸಲ ಸೇಬು ಚೆನ್ನಾಗಿ ಬಂದಿದೆ," ಎಂದ.

"ಹೂಂ."

"ಹೋದ ವರ್ಷ ಇಷ್ಟಿರಲಿಲ್ಲ."

"ಇರಲಿಲ್ಲ."

"ನಿಮ್ಮ ಹಿತ್ತಿಲದ್ದೂ ಚೆನ್ನಾಗಿದೆ. ಎನೋಸನ ಹಿತ್ತಿಲದ್ದೂ..." ಅವನು ಗಡ್ಡ ಕೆರೆದುಕೊಂಡ. "ಎನೋಸ್ ಅಂದ್ಮೇಲೆ ನೆನಪಾಯ್ತು ನೋಡು ಲೊವೀನಾ. ಅವನು ನನ್ನ ಹತ್ರ ಒಂದು ವಿಷಯ ಹೇಳಿದಾನೆ. ನಿಂಗೆ ಸಂಬಂಧಪಟ್ಟದ್ದು. ಹೇಗೆ ಶುರು ಮಾಡ್ಲಿ ಅಂತ..."

"ನೀನು ಶುರು ಮಾಡೋದು ಬೇಡ!" ಲೊವೀನಾ ಎದ್ದು ಒಂದೇ ಏಟಿಗೆ ನೀಲಿ ಬಟ್ಟೆಯನ್ನು ಕಿತ್ತೆಸೆದಳು. "ನೋಡು. ಇದೇ ತಾನೆ? ಮೋಟಾರು. ಇದು ಬ್ಯಾಟರಿ. ಜನವರಿಯಿಂದ ಇಟ್ಕೊಂಡಿದೀನಿ. ಏಪ್ರಿಲಲ್ಲಿ ಸಭೆ ಮುಂದೆ ಸುಳ್ಳೂ ಹೇಳಿದೀನಿ. ನಾನೇ ಹೇಳ್ತಿದೀನಿ, ಬರ್ಕೋ. ಆ ಎನೋಸ್ ಬೇಲಿಗೆ ಕಿವಿ ಕೊಟ್ಟು, ಗೇಣು ಹಾಕಿ ಅಳೆದು ನಿಂಗೆ ಹೇಳಿದನಲ್ಲ, ಅವನಿಂದ ತಿಳೀಬೇಕಾಗಿಲ್ಲ ನಿಂಗೆ. ಎರಡು ವರ್ಷ ನನ್ನ ಪೈ ತಿಂದಿದಾನೆ. ನಾಚಿಕೆ ಆಗ್ಬೇಕು ಅವನಿಗೆ!"

ಟೋಬಿಯಾಸ್ ಮೋಟಾರನ್ನು ನೋಡಿದ. ಲೊವೀನಾಳನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಅಯ್ಯೋ ದೇವರೇ," ಎಂದ. "ಅಯ್ಯೋ ಲೊವೀನಾ, ಯಾಕಮ್ಮಾ ಬಾಯಿ ಬಿಟ್ಟೆ? ನಾನು ಬಂದದ್ದು ಇದಕ್ಕಲ್ಲ."

"ಮತ್ತೆ?"

"ಎನೋಸ್ ನಿನ್ನ ಮದುವೆ ಆಗ್ಬೇಕು ಅಂತಿದಾನೆ. ನಿನ್ನ ಮನಸ್ಸು ಕೇಳ್ಕೊಂಡು ಬಾ ಅಂತ ಕಳ್ಸಿದಾನೆ. ಎರಡು ಸಲ ಕೂತು ಒಂದೊಂದು ಮಾತನ್ನೂ ನನಗೆ ಬಾಯಿಪಾಠ ಮಾಡಿಸಿದಾನೆ. ಮೋಟಾರು ಗೀಟಾರು ಅಂತ ಒಂದು ಅಕ್ಷರ ಎತ್ತಿಲ್ಲ!"

ಲೊವೀನಾ ಮೆಲ್ಲಗೆ ಕೂತುಬಿಟ್ಟಳು, ಕುರ್ಚಿಯ ಮೇಲಲ್ಲ, ಹೊಲಿದಿಟ್ಟ ಕುಲಾವಿಗಳ ರಾಶಿಯ ಮೇಲೆ.

"ನೀನು ಕೇಳಿಸ್ಕೊಂಡಿಲ್ಲ ಅಂತ ಮಾಡೋಕಾಗುತ್ತಾ?" ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

"ಹೇಗಾಗುತ್ತೆ? ನಾನು ಡೀಕನ್. ಕಿವಿಗೆ ಬಿದ್ದದ್ದು ಬಿದ್ದಹಾಗೇ." ಮುದುಕನ ಕಣ್ಣೂ ತೇವವಾಗಿತ್ತು. "ಈ ತಪ್ಪು ಸಭೆ ಮುಂದೆ ತೀರೋವರೆಗೆ ಮದುವೆ ಮಾತಿಗೆ ನಿನ್ನ ಉತ್ತರ ನಾನು ತಗೊಳ್ಳೋ ಹಾಗಿಲ್ಲ. ಯಾಕೆ ಉತ್ತರ ತರಲಿಲ್ಲ ಅಂತ ಎನೋಸ್ ಕೇಳ್ತಾನೆ. ಅವನಿಗೂ ಹೇಳ್ಲೇಬೇಕು."

"ಹೇಳ್ದಾಗ ಏನಂತಾನೆ ಅವನು?"

ಟೋಬಿಯಾಸ್ ಗಡ್ಡ ಕೆರೆದುಕೊಂಡ. ಲೊವೀನಾ ಸ್ಕ್ರೂ ಬಿಚ್ಚಿ ಮೋಟಾರನ್ನು ಅವನ ಕೈಗೆ ಕೊಟ್ಟಳು. ಒಂದು ಕೆಲಸಕ್ಕೆ ಬಂದಿದ್ದ ಮುದುಕ ಬೇರೊಂದನ್ನು ಹೊತ್ತುಕೊಂಡು ಹೋದ.

ಆಮೇಲಿನ ಎರಡು ವಾರ ಎನೋಸ್ ಬೇಲಿಯ ಹತ್ತಿರ ಬರಲಿಲ್ಲ. ಸೋಮವಾರ ಕಂಬದ ಮೇಲೆ ತಟ್ಟೆಯಿಲ್ಲ. ಪೈ ಕೊಟ್ಟಿದ್ದರೆ ತಾನೇ ತಟ್ಟೆ? ಡೀಕನ್ನನ ಕೈಯಲ್ಲಿ ಮಾತು ಕೊಟ್ಟ ಗಂಡು ಉತ್ತರ ಬರುವವರೆಗೆ ಹೆಣ್ಣಿನ ಮನೆಯ ಕಡೆ ಸುಳಿಯಬಾರದು ಎಂಬುದು ಕಣಿವೆಯಲ್ಲಿ ಎಲ್ಲರಿಗೂ ಗೊತ್ತು. ಲೊವೀನಾಳಿಗೂ ಗೊತ್ತಿತ್ತು. ಆದರೆ ಅನುಮಾನ ಹೊಕ್ಕ ತಲೆಗೆ ಗೊತ್ತಿದ್ದದ್ದು ನೆನಪಿರಬೇಕಲ್ಲ! ಬೆಳಗಿನಿಂದ ಸಂಜೆಯವರೆಗೆ ಅವನ ಕೊಟ್ಟಿಗೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಈಗ ಕಿವಿಗೊಟ್ಟು ಕೂರುವ ಸರದಿ ಇವಳದಾಗಿತ್ತು.

"ಹೊಸ ಗಾಡಿ ಮಾಡ್ತಿರಬೇಕು," ಎಂದಳು ಎಫಿ, ಕುಲಾವಿ ಒಯ್ಯಲು ಬಂದವಳು. "ಕಮ್ಮಾರನ ಹತ್ರದಿಂದ ಭಾರದ ಕಬ್ಬಿಣದ ಪಟ್ಟಿ ತಂದಿದಾನೆ. ದೂರದ ಪ್ರಯಾಣ ಇರ್ಬೇಕು. ಒಹಾಯೋದಲ್ಲಿ ಯಾವುದೋ ವಿಧವೆ ಇದಾಳಂತೆ, ಅವನ ಹೆಂಡತಿ ಕಡೆ ನೆಂಟರವಳು. ನೀನೇನು ಇಷ್ಟು ಸೊರಗಿದೀಯ?"

"ಮಂಡಿ ನೋವು," ಎಂದಳು ಲೊವೀನಾ.

ಅದು ಸುಳ್ಳೂ ಅಲ್ಲ. ಎರಡು ವಾರದಿಂದ ಕಾಲಲ್ಲೇ ತುಳಿಯುತ್ತಿದ್ದಳು, ಹತ್ತಕ್ಕೊಮ್ಮೆ ನಿಲ್ಲಿಸಿ, ಹಲ್ಲು ಕಚ್ಚಿ. ಆದರೆ ಅತ್ತದ್ದು ಮಂಡಿಗಲ್ಲ. ಬಾಗಿಲಿಗೆ ಬಂದ ಸುಖವನ್ನು ತಾನೇ ಬೈದು ಓಡಿಸಿದೆನಲ್ಲ ಎಂದು ಅತ್ತಳು. ಟೋಪಿಯ ಅಂಚಿಗೆ ಬಿಷಪ್ಪನ ಹತ್ತಿರ ಓಡಿದವನು ಮೋಟಾರಿನ ಹೆಂಗಸನ್ನು ಕಟ್ಟಿಕೊಳ್ಳುತ್ತಾನೆಯೇ? ಒಹಾಯೋದವಳಿಗೆ ಎರಡೂ ಮಂಡಿ ನೆಟ್ಟಗಿರಬೇಕು.

ವಿಚಾರಣೆಯ ಭಾನುವಾರ ಸಭೆ ಎಫಿಯ ಮನೆಯಲ್ಲೇ. ಬೆಂಚುಗಳ ಮೇಲೆ ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಹಾಡು, ಪ್ರಾರ್ಥನೆ, ಬೋಧನೆ ಎಲ್ಲ ಮುಗಿಯುವಾಗ ಹೊತ್ತು ಮಧ್ಯಾಹ್ನ ದಾಟಿತ್ತು. ಬಿಷಪ್ ಅವಳ ಹೆಸರು ಕರೆದ. ಲೊವೀನಾ ಮುಂದೆ ಹೋಗಿ ಮೊಣಕಾಲೂರಿದಳು. ಕೆಟ್ಟ ಮಂಡಿ ಹಲಗೆಗೆ ತಾಗಿದಾಗ ಉಸಿರು ಕಟ್ಟಿತು. ತಲೆಯೆತ್ತಿ ಗಂಡಸರ ಕಡೆ ನೋಡಲಿಲ್ಲ.

"ಹೊಲಿಗೆ ಯಂತ್ರಕ್ಕೆ ಮೋಟಾರು ಇಟ್ಕೊಂಡಿದ್ದೆ," ಎಂದಳು. "ಏಪ್ರಿಲಲ್ಲಿ ನಿಮ್ಮೆಲ್ಲರ ಮುಂದೆ ಸುಳ್ಳು ಹೇಳಿದ್ದೆ. ಇನ್ನೂ ಒಂದಿದೆ. ನನ್ನ ನೆರೆಯವನು ನನ್ನ ಮೇಲೆ ದೂರು ಹೇಳ್ತಾನೆ ಅಂತ ಅನುಮಾನ ಪಟ್ಟೆ. ಅವನು ಹೇಳಿರಲಿಲ್ಲ. ಅವನಿಗೆ ನನ್ನ ತಪ್ಪು ಗೊತ್ತೂ ಇರಲಿಲ್ಲ. ಸುಮ್ಮಸುಮ್ಮನೆ ಒಬ್ಬ ಒಳ್ಳೆ ಮನುಷ್ಯನನ್ನ ಡೀಕನ್ ಮುಂದೆ ಬಾಯಿಗೆ ಬಂದಹಾಗೆ ಬೈದೆ. ಕ್ಷಮಿಸಿ."

ಬಿಷಪ್ ಏನೋ ಹೇಳಲು ಹೊರಟ. ಅಷ್ಟರಲ್ಲಿ ಗಂಡಸರ ಬೆಂಚೊಂದು ಕಿರ್ ಎಂದಿತು.

"ಗೊತ್ತಿತ್ತು," ಎಂದ ಎನೋಸ್.

ಎಲ್ಲರೂ ತಿರುಗಿದರು. ಎದ್ದು ನಿಂತಿದ್ದ. ಕಿವಿ ಕೆಂಡದಂತೆ ಕೆಂಪು.

"ನಂಗೆ ಫೆಬ್ರವರಿಯಿಂದ ಗೊತ್ತಿತ್ತು. ಚಕ್ರ ತಿರುಗೋ ಸದ್ದು ನಂಗೆ ಗೊತ್ತಾಗಲ್ವಾ? ಅದು ಕಾಲಲ್ಲಿ ತಿರುಗ್ತಿದ್ದ ಚಕ್ರ ಅಲ್ಲ. ಗೊತ್ತಿದ್ದೂ ಬಂದು ಹೇಳಬೇಕಾದೋರಿಗೆ ಹೇಳಲಿಲ್ಲ. ಏಪ್ರಿಲಲ್ಲಿ ನಾನೂ ಇಲ್ಲಿ ಕೂತು, ನಿಯಮಕ್ಕೆ ಒಪ್ಪಿದೀನಿ ಅಂದೆ." ಅವನು ಗಂಟಲು ಸರಿಮಾಡಿಕೊಂಡ. ಇಷ್ಟು ಉದ್ದ ಮಾತು ಅವನು ಹೆಂಡತಿ ಸತ್ತಾಗಲೂ ಆಡಿರಲಿಲ್ಲ. "ದಿನಾ ಬೇಲಿ ಹತ್ರ ಹೋಗಿ ಕೇಳ್ತಿದ್ದೆ. ಆ ಸದ್ದು ಬಂದ್ರೆ, ಇವತ್ತು ಅವಳಿಗೆ ನೋವಿಲ್ಲ ಅಂತ ನಂಗೆ ಸಮಾಧಾನ ಆಗ್ತಿತ್ತು. ತಪ್ಪನ್ನ ಕೇಳಿ ಖುಷಿಪಟ್ಟೆ. ಅದಕ್ಕೇ ನಾನೂ ಮೊಣಕಾಲೂರಬೇಕು."

ಮುಂದೆ ಬಂದು ಅವಳ ಪಕ್ಕದಲ್ಲಿ, ಎರಡು ಮೊಳ ದೂರದಲ್ಲಿ, ಮೊಣಕಾಲೂರಿದ. ಲೊವೀನಾಳಿಗೆ ಅವನ ಬೂಟಿನ ತುದಿ ಮಾತ್ರ ಕಾಣುತ್ತಿತ್ತು. ಅದು ಅಲುಗುತ್ತಿತ್ತು. ಅವಳ ಕಣ್ಣೀರು ಹಲಗೆಯ ಮೇಲೆ ಬಿತ್ತು, ಒರೆಸಿಕೊಳ್ಳಲೂ ಇಲ್ಲ. ಹೆಂಗಸರ ಕಡೆಯಿಂದ ಯಾರೋ ಮೂಗು ಎಳೆದರು. ಅದು ಎಫಿ ಎಂದರೆ ನೀವು ನಂಬಲಿಕ್ಕಿಲ್ಲ.

ಇಬ್ಬರನ್ನೂ ಹೊರಗೆ ಕಳಿಸಿ ಸಭೆ ಮಾತಾಡಿಕೊಂಡಿತು. ಜಗಲಿಯಲ್ಲಿ ಅವಳು ಒಂದು ತುದಿಗೆ, ಅವನು ಇನ್ನೊಂದು ತುದಿಗೆ. ಮಾತಾಡುವಂತಿರಲಿಲ್ಲ. ಕರೆದಾಗ ಒಳಗೆ ಹೋಗಿ ಮತ್ತೆ ಮೊಣಕಾಲೂರಿದರು. ಎಲ್ಲರೂ ಕ್ಷಮಿಸಿದ್ದರು. ಬಿಷಪ್ ಎನೋಸನ ಕೈಹಿಡಿದು ಎಬ್ಬಿಸಿದ. ಲೊವೀನಾಳನ್ನು ಬಿಷಪ್ಪನ ಹೆಂಡತಿ ಎಬ್ಬಿಸಿ ಕೆನ್ನೆಗೆ ಮುತ್ತಿಟ್ಟು, "ನಿನ್ನ ಕುಲಾವಿ ಇಲ್ಲದೆ ಚಳಿಗಾಲ ಹೇಗೆ ಕಳೆಯೋದು ಅಂತ ಹೆದರಿದ್ದೆ ಕಣೇ," ಎಂದು ಕಿವಿಯಲ್ಲಿ ಹೇಳಿದಳು.

ಊಟಕ್ಕೆ ಶೇಂಗಾ ಬೆಣ್ಣೆ ಹಚ್ಚಿದ ಬ್ರೆಡ್ಡು, ಬೀಟ್‌ರೂಟಿನ ಉಪ್ಪಿನಕಾಯಿ. ಲೊವೀನಾಳಿಗೆ ಎರಡು ವಾರದ ಹಸಿವು ಒಟ್ಟಿಗೇ ಬಂದಿತ್ತು. ತಿನ್ನುತ್ತಿದ್ದಾಗ ಟೋಬಿಯಾಸ್ ಬಂದು ಬೆನ್ನ ಹಿಂದೆ ನಿಂತ.

"ಈ ಸಲ ಸೇಬು..." ಎಂದು ಶುರು ಮಾಡಿದ.

"ಹೂಂ ಅನ್ನು ಅವನಿಗೆ," ಎಂದಳು ಲೊವೀನಾ ತಿರುಗದೆಯೇ. "ಸೇಬಿಗೂ ಹೂಂ, ಇನ್ನೊಂದಕ್ಕೂ ಹೂಂ. ಈ ಸಲವಾದ್ರೂ ನೆಟ್ಟಗೆ ಹೋಗಿ ಹೇಳು."

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಜಗಲಿಯ ಮೇಲೆ ಚಾದರ ಹೊದಿಸಿದ ದೊಡ್ಡದೊಂದು ವಸ್ತು. ತಂದಿಟ್ಟವರು ಕಾಣಲಿಲ್ಲ. ಚಾದರ ಎತ್ತಿ ನೋಡಿದಳು. ಹೊಲಿಗೆ ಯಂತ್ರದ ಕೆಳಗಿಡುವ ಹೊಸ ಚೌಕಟ್ಟು. ತುಳಿಯುವ ಹಲಗೆ ಎಡಗಾಲಿಗೆ ಬರುವಂತೆ ಕೂರಿಸಿತ್ತು. ಪಕ್ಕದಲ್ಲಿ ಕಬ್ಬಿಣದ ಪಟ್ಟಿ ಬಿಗಿದ ಭಾರದ ಚಕ್ರ. ಒಂದು ಸಲ ತುಳಿದಳು. ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು, ಇನ್ನೊಂದು ಸಲ ತುಳಿಯುವ ಅವಸರವೇ ಇಲ್ಲ. ಅಗಲ ಮೇಜಿಗೆ ಸರಿಯಾಗಿತ್ತು. ಅಂದರೆ ಗೇಣು ಹಾಕಿ ಅಳೆದದ್ದು ಇದಕ್ಕೆ. ತಾನು ಸುಳಿಯಬಾರದೆಂದು ಬೇರೆ ಯಾರ ಕೈಯಲ್ಲೋ ಕಳಿಸಿದ್ದ. ಒಹಾಯೋಕ್ಕೆ ಹೋಗುವ ಗಾಡಿಯಂತೆ! ಎಫಿ ಸಿಗಲಿ ಎಂದುಕೊಂಡಳು.

ಚೌಕಟ್ಟನ್ನು ಕಷ್ಟಪಟ್ಟು ಒಳಗೆಳೆದು, ಯಂತ್ರ ಕೂರಿಸಿ, ಕಿಟಕಿಯನ್ನು ಪೂರ್ತಿ ತೆರೆದು ಹೊಲಿಯಲು ಕೂತಳು. ಸ್ವಲ್ಪ ಹೊತ್ತಿಗೆ ಹುಲ್ಲಿನ ಟೋಪಿ ಬೇಲಿಯ ಹತ್ತಿರ ಬಂತು. ಹಿಂದಕ್ಕೆ ಸರಿಯಿತು. ಎಡಗಿವಿ ಇತ್ತ ತಿರುಗಿತು.

"ಏನು, ಕೇಳಿಸ್ತಿದೆಯಾ?" ಎಂದು ಲೊವೀನಾ ಕೂಗಿದಳು.

ಎನೋಸ್ ಬೆಚ್ಚಿದ. ಮತ್ತೆ ಕಿವಿಗೊಟ್ಟ. ಮುಖ ಸಪ್ಪಗಾಯಿತು. "ಇಲ್ಲ," ಎಂದ. "ಏನೂ ಕೇಳಿಸ್ತಿಲ್ಲ. ತುಂಬಾ ನಯವಾಗಿ ಮಾಡಿಬಿಟ್ಟೆ ಅಂತ ಕಾಣುತ್ತೆ. ನೋವಿದೆಯೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು ಇನ್ನು?"

"ಗೊತ್ತಾಗ್ಬೇಕಾದ್ರೆ ಒಳಗೆ ಬಂದು ಕೂತ್ಕೊಂಡು ನೋಡ್ಬೇಕು."

"ಡೀಕನ್ ಇನ್ನೂ ನಿನ್ನ ಉತ್ತರ ತಂದಿಲ್ಲವಲ್ಲ."

"ನಿನ್ನೆ ಊಟದ ಹೊತ್ತಿಗೇ ಹೇಳಿದೀನಿ! ದಾರೀಲಿ ಯಾರ ಜೊತೆಗೋ ಸೇಬಿನ ವಿಷಯ ಮಾತಾಡ್ತಾ ನಿಂತಿರಬೇಕು."

ಎನೋಸ್ ಬೇಲಿಯ ಕಂಬವನ್ನು ಹಿಡಿದುಕೊಂಡ. "ಏನಂತ ಹೇಳಿದೀಯ?"

"ಅದನ್ನ ಡೀಕನ್ ಬಾಯಿಂದಲೇ ಕೇಳು, ನಿಯಮ ಅಂದ್ರೆ ನಿಯಮ," ಎಂದಳು ಲೊವೀನಾ. ನಗು ತಡೆಯಲು ಕುಲಾವಿಯನ್ನು ಬಾಯಿಗೆ ಒತ್ತಿಕೊಂಡಳು. "ಮೂರು ಶನಿವಾರದ ಪೈ ಬಾಕಿ ಇದೆ, ಒಲೆಯಿಂದ ಈಗಷ್ಟೇ ತೆಗೆದಿದೀನಿ. ಬಾ."

ಅವನು ರಸ್ತೆಯ ಕಡೆ ನೋಡಿದ. ಡೀಕನ್ನನ ಗಾಡಿಯ ಸುಳಿವಿರಲಿಲ್ಲ. ಟೋಪಿಯನ್ನು ಸರಿಮಾಡಿಕೊಂಡು, ಈ ಸಲ ನಿಯಮಕ್ಕೂ ಕಾಯದೆ, ಡೀಕನ್ನನಿಗೂ ಕಾಯದೆ, ಎನೋಸ್ ಬೇಲಿಯ ಹಲಗೆಯ ಮೇಲೆ ಕಾಲಿಟ್ಟ.